ಹಲ್ಲು ನೊಂದ ಮೊಲ, ಪಕ್ಕದಲ್ಲಿ ಜೊತೆಗಾರ



ಮನೆಯಲ್ಲಿ ಎರಡು ಮೊಲಗಳನ್ನು ಜೋಡಿಯಾಗಿ ಸಾಕಿಕೊಂಡವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಎರಡೂ ಒಂದೇ ತಟ್ಟೆಯಲ್ಲಿ ತಿನ್ನುತ್ತವೆ. ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಒಂದರ ಹಣೆಯನ್ನು ಇನ್ನೊಂದು ನೆಕ್ಕುತ್ತದೆ. ಅಂಥ ಜೋಡಿಯಲ್ಲಿ ಒಂದಕ್ಕೆ ಹಲ್ಲಿನ ಚಿಕಿತ್ಸೆ ಆಗಿದೆ ಎನ್ನಿ. ವೈದ್ಯರು ಅರಿವಳಿಕೆ ಕೊಟ್ಟು ಹಲ್ಲು ಅರೆದಿದ್ದಾರೆ. ಔಷಧಿ ಬರೆದುಕೊಟ್ಟು ಮನೆಗೆ ಕಳಿಸಿದ್ದಾರೆ. ಅಲ್ಲಿಂದ ಮುಂದಿನ ಕೆಲಸ ಮನೆಯವರದು. ಇವತ್ತು ನಾನು ಮಾತಾಡುವುದು ಆ ಕೆಲಸದ ಬಗ್ಗೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಮಯದಲ್ಲಿ ಜೊತೆಗಾರ ಮೊಲ ಔಷಧಿಯಷ್ಟೇ ಮುಖ್ಯ. ಅದನ್ನು ದೂರ ಮಾಡಬಾರದು. ಆದರೆ ಅದೇ ಜೊತೆಗಾರ ಕಾಯಿಲೆಯನ್ನು ನಮ್ಮ ಕಣ್ಣಿಗೆ ಬೀಳದಂತೆ ಮರೆ ಮಾಡಿಬಿಡುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಇಡಬೇಕು, ಲೆಕ್ಕ ಮಾತ್ರ ಬೇರೆ ಬೇರೆ ಇಡಬೇಕು.

ಮೊದಲು ಹಲ್ಲಿನ ವಿಷಯ ನೋಡೋಣ.

ಮೊಲಕ್ಕೆ 28 ಹಲ್ಲುಗಳಿವೆ. ಎದುರಿಗೆ ಕಾಣುವ ಬಾಚಿಹಲ್ಲುಗಳು ಮೇಲೆ ಎರಡು, ಕೆಳಗೆ ಎರಡು. ಮೇಲಿನ ಎರಡರ ಬೆನ್ನಿಗೆ ಇನ್ನೆರಡು ಚಿಕ್ಕ ಹಲ್ಲುಗಳು ಅಡಗಿರುತ್ತವೆ. ಇಲಿ, ಅಳಿಲುಗಳಿಗೆ ಈ ಹಿಂದಿನ ಜೋಡಿ ಇಲ್ಲ. ಆದ್ದರಿಂದ ಮೊಲ ಇಲಿಯ ಬಳಗಕ್ಕೆ ಸೇರಿದ್ದಲ್ಲ. ಉಳಿದ 22 ಹಲ್ಲುಗಳು ದವಡೆಯ ಒಳಗಿವೆ. ಮೊಲದ ಬಾಯಿ ಕಿರಿದು, ಆಳ ಹೆಚ್ಚು. ನೀವು ತುಟಿ ಬಿಡಿಸಿ ನೋಡಿದರೆ ಬಾಚಿಹಲ್ಲು ಕಾಣುತ್ತದೆ. ದವಡೆ ಹಲ್ಲು ಕಾಣುವುದಿಲ್ಲ. ತೊಂದರೆ ಅಡಗಿ ಕೂರುವುದು ಹೆಚ್ಚಾಗಿ ಅಲ್ಲಿ.

ಈ ಹಲ್ಲುಗಳೆಲ್ಲ ಮೊಲ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆದಷ್ಟೂ ಸವೆಯಬೇಕು. ಸವೆಯುವುದು ಹುಲ್ಲಿನಿಂದ. ಹುಲ್ಲನ್ನು ಅಗಿಯುವಾಗ ಮೊಲದ ಕೆಳದವಡೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡುತ್ತದೆ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಉಜ್ಜಿಕೊಂಡು ಸವೆಯುತ್ತವೆ. ಗುಳಿಗೆಯಾಕಾರದ ಒಣ ಆಹಾರವನ್ನೋ ಕ್ಯಾರೆಟ್ ತುಂಡನ್ನೋ ತಿನ್ನುವಾಗ ಈ ಅಡ್ಡ ಆಟ ಕಡಿಮೆ. ಅಲ್ಲಿ ಜಜ್ಜುವುದೇ ಹೆಚ್ಚು. ಜೊತೆಗೆ ಅವು ಬೇಗ ಹೊಟ್ಟೆ ತುಂಬಿಸುತ್ತವೆ. ಅಗಿಯುವ ಹೊತ್ತು ಕಡಿಮೆಯಾಗುತ್ತದೆ. ಸವೆಯದೆ ಉಳಿದ ಹಲ್ಲಿನ ಅಂಚು ಮುಳ್ಳಾಗಿ ಬೆಳೆಯುತ್ತದೆ. ಕೆಳಗಿನ ದವಡೆಯ ಮುಳ್ಳು ನಾಲಿಗೆಯನ್ನು ಚುಚ್ಚುತ್ತದೆ. ಮೇಲಿನದು ಕೆನ್ನೆಯ ಒಳಭಾಗವನ್ನು ಗೀರುತ್ತದೆ. ಮುಖ ಮೊಟಕಾದ ತಳಿಗಳಲ್ಲಿ ಹುಟ್ಟಿನಿಂದಲೇ ಮೇಲಿನ ಬಾಚಿಹಲ್ಲಿಗೂ ಕೆಳಗಿನದಕ್ಕೂ ಹೊಂದಿಕೆ ಇಲ್ಲದಿರುವುದುಂಟು. ಅದು ಸಾಕಿದವರ ತಪ್ಪಲ್ಲ.

ದವಡೆ ಹಲ್ಲಿನ ಮುಳ್ಳನ್ನು ಅರಿವಳಿಕೆ ಕೊಟ್ಟೇ ಅರೆಯಬೇಕು. ಬಾಚಿಹಲ್ಲನ್ನು ಮನೆಯಲ್ಲಿ ಉಗುರು ಕತ್ತರಿಸುವ ಸಾಧನದಿಂದ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲು ಉದ್ದಕ್ಕೆ ಸೀಳುತ್ತದೆ. ಸೀಳಿನಲ್ಲಿ ಸೋಂಕು ಬೇರಿಗೆ ಇಳಿಯುತ್ತದೆ, ಕೀವುಗಟ್ಟುತ್ತದೆ. ಮೊಲದ ಕೀವು ಗಟ್ಟಿ. ಚುಚ್ಚಿದರೆ ಹರಿದುಹೋಗುವುದಿಲ್ಲ. ಅದನ್ನು ಗುಣಪಡಿಸುವುದು ಬಹಳ ಕಷ್ಟ.

ಹಲ್ಲು ನಿರಂತರ ಬೆಳೆಯುತ್ತದೆ, ಹುಲ್ಲಿನಿಂದ ಸವೆಯುತ್ತದೆ, ಸವೆಯದಿದ್ದರೆ ಚುಚ್ಚುತ್ತದೆ. ಇಷ್ಟು ಹೇಳಿದ್ದಾಯಿತು. ಈಗ ಹಲ್ಲಿನಿಂದ ಹೊಟ್ಟೆಗೆ ಬರೋಣ. ಚಿಕಿತ್ಸೆಯ ನಂತರದ ನಿಜವಾದ ಅಪಾಯ ಇರುವುದು ಬಾಯಲ್ಲಲ್ಲ, ಹೊಟ್ಟೆಯಲ್ಲಿ.

ನಾಯಿ ಒಂದು ದಿನ ಉಪವಾಸ ಬಿದ್ದರೆ ನಾವು ಅಷ್ಟಾಗಿ ಗಾಬರಿಯಾಗುವುದಿಲ್ಲ. ಮೊಲದ ವಿಷಯ ಹಾಗಲ್ಲ. ಮೊಲದ ಹೊಟ್ಟೆ ಸದಾ ಚಲಿಸುತ್ತಿರಬೇಕು. ಮೇಲಿನಿಂದ ನಾರು ಬರುತ್ತಿದ್ದರೆ ಮಾತ್ರ ಕರುಳು ಆಡುತ್ತದೆ. ಬಾಯಿ ನೋಯುತ್ತಿದೆ, ಹಾಗಾಗಿ ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ನಿಧಾನವಾಗುತ್ತದೆ. ಕರುಳು ನಿಧಾನವಾದರೆ ಗಾಳಿ ತುಂಬುತ್ತದೆ, ಹೊಟ್ಟೆ ನೋಯುತ್ತದೆ. ಹೊಟ್ಟೆ ನೋವಿಗೆ ಇನ್ನೂ ಕಡಿಮೆ ತಿನ್ನುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ಸುಮಾರು 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆಯನ್ನೂ ಹಾಕಿಲ್ಲ ಎಂದಾದರೆ ಅದು ತುರ್ತು ಪರಿಸ್ಥಿತಿ. ಬೆಳಿಗ್ಗೆ ನೋಡೋಣ ಎನ್ನಬೇಡಿ. ರಾತ್ರಿಯೇ ವೈದ್ಯರಿಗೆ ಫೋನ್ ಮಾಡಿ.

ಹಾಗಾಗಿ ಮನೆಗೆ ಬಂದ ಕೂಡಲೇ ಮಾಡಬೇಕಾದದ್ದು ಮೂರು: ಬೆಚ್ಚಗಿಡುವುದು, ನೋವು ಕಡಿಮೆ ಮಾಡುವುದು, ತಿನ್ನಿಸುವುದು.

ಅರಿವಳಿಕೆಯಿಂದ ಎದ್ದ ಮೊಲದ ಮೈ ತಣ್ಣಗಾಗಿರುತ್ತದೆ. ಕಿವಿ ಮುಟ್ಟಿ ನೋಡಿ. ಕಿವಿ ತಣ್ಣಗಿದ್ದರೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಡಿ. ಬೇಡವೆನಿಸಿದರೆ ಸರಿದು ಕೂರಲು ಅದಕ್ಕೆ ಜಾಗವಿರಲಿ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ, ಬಳ್ಳಾರಿಯ ಕಡೆ ಇರುವವರಿಗೆ ತೊಂದರೆ ತಿರುಗಮುರುಗ. ಅಲ್ಲಿ ಮೊಲವನ್ನು ತಂಪಾಗಿಡುವುದೇ ಕಷ್ಟ. ಮನೆಯೊಳಗಿನ ಶಾಖ 30 ಡಿಗ್ರಿ ದಾಟಿದರೆ ಆರೋಗ್ಯವಾಗಿರುವ ಮೊಲವೂ ಬಳಲುತ್ತದೆ. ಫ್ಯಾನ್ ನೇರವಾಗಿ ಬೀಸದ ಕಡೆ, ಕಲ್ಲಿನ ನೆಲದ ಮೇಲೆ ಒಂದು ಟವೆಲ್ ಹಾಸಿ ಕೂರಿಸಿ. ನೀರನ್ನು ಬಾಟಲಿಯಲ್ಲಿ ಕೊಡಬೇಡಿ, ಬಟ್ಟಲಲ್ಲಿ ಇಡಿ. ನೊಂದ ನಾಲಿಗೆಯಲ್ಲಿ ಬಾಟಲಿಯ ತುದಿಯ ಗುಂಡು ತಳ್ಳಿ ಕುಡಿಯುವುದು ಕಷ್ಟ.

ನೋವಿನ ಔಷಧಿಯ ವಿಷಯದಲ್ಲಿ ನನಗೆ ರಾಜಿಯೇ ಇಲ್ಲ. ಸಾಮಾನ್ಯವಾಗಿ ಮೆಲೊಕ್ಸಿಕ್ಯಾಮ್ ದ್ರವವನ್ನು ಬರೆದುಕೊಡುತ್ತಾರೆ. ಹೇಳಿದ ಹೊತ್ತಿಗೆ, ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಕೊಡಿ. ಚೆನ್ನಾಗಿ ಕಾಣುತ್ತಿದೆ ಎಂದು ನಡುವೆ ನಿಲ್ಲಿಸಬೇಡಿ. ಔಷಧಿ ಕೆಲಸ ಮಾಡುತ್ತಿರುವುದರಿಂದಲೇ ಅದು ಚೆನ್ನಾಗಿ ಕಾಣುತ್ತಿದೆ. ಮನೆಯ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ನಮಗೆ ಕೊಡುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಮೊಲಕ್ಕೆ ಬಾಯಿಂದ ಕೊಟ್ಟರೆ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಮೊಲವೇ ಸಾಯಬಹುದು.

ನೋವಿದೆಯೇ ಎಂದು ತಿಳಿಯುವುದು ಹೇಗೆ? ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿ ಅದು, ನೋವನ್ನು ಮುಚ್ಚಿಡುತ್ತದೆ. ಆದರೆ ಮುಖ ಹೇಳುತ್ತದೆ. ಮೊಲದ ಮುಖ ನೋಡಿ ನೋವನ್ನು ಅಳೆಯುವ ಒಂದು ಮಾನಕವನ್ನು ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಅದರ ಸಾರ ಇಷ್ಟು. ಕಣ್ಣು ಅರ್ಧ ಮುಚ್ಚಿರುತ್ತದೆ. ದುಂಡಗಿದ್ದ ಕೆನ್ನೆ ಚಪ್ಪಟೆಯಾಗುತ್ತದೆ. ಮೂಗಿನ ತುದಿ ಚೂಪಾಗುತ್ತದೆ. ಮೀಸೆ ಬಿಗಿಯುತ್ತದೆ. ಕಿವಿ ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಹಲ್ಲು ಕಡಿಯುವ ಸದ್ದನ್ನೂ ಕೇಳಿಸಿಕೊಳ್ಳಿ. ತಲೆ ನೇವರಿಸುವಾಗ ಮೆಲ್ಲಗೆ ಹಲ್ಲು ಮಸೆದರೆ ಅದು ಸುಖ. ಮೂಲೆಯಲ್ಲಿ ಮುದುಡಿ ಕೂತು ಜೋರಾಗಿ ಕಡಿಯುತ್ತಿದ್ದರೆ ಅದು ನೋವು.

ಬೆಚ್ಚಗಿಡುವುದನ್ನೂ ನೋವಿನ ಔಷಧಿಯನ್ನೂ ಹೇಳಿದೆ. ತಿನ್ನಿಸುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಜೋಡಿಯ ಮಾತು.

ನಮ್ಮ ಹೊಲದ ಬದುಗಳಲ್ಲಿ ಓಡುವ ಮೊಲ ಬೇರೆ, ಮನೆಯಲ್ಲಿ ಸಾಕುವ ಮೊಲ ಬೇರೆ. ಹೊಲದ ಕಪ್ಪು ಕತ್ತಿನ ಮೊಲ ಬಿಲ ತೋಡುವುದಿಲ್ಲ, ಗುಂಪು ಕಟ್ಟುವುದಿಲ್ಲ. ಅದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತದೆ, ಸಾಕುವಂತಿಲ್ಲ. ಸಾಕು ಮೊಲಗಳ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯ ಯುರೋಪಿನ ಮೊಲಗಳು. ಅವು ನೆಲದೊಳಗೆ ಬಿಲಗಳ ಊರು ಕಟ್ಟಿಕೊಂಡು ಗುಂಪಾಗಿ ಬಾಳಿದವು. ಆ ಸ್ವಭಾವ ಇನ್ನೂ ಉಳಿದಿದೆ. ಜೊತೆಗಾರ ಇಲ್ಲವಾದರೆ ಕೆಲವು ಮೊಲಗಳು ಊಟವನ್ನೇ ಬಿಡುತ್ತವೆ. ಚಿಕಿತ್ಸೆಯಾದ ಮೊಲಕ್ಕೆ ಅದೊಂದು ಹೆಚ್ಚಿನ ಪೆಟ್ಟು.

ಇನ್ನೊಂದು ಕಾರಣವಿದೆ. ಮೊಲಗಳು ಒಂದನ್ನೊಂದು ಗುರುತು ಹಿಡಿಯುವುದರಲ್ಲಿ ವಾಸನೆಯ ಪಾಲು ದೊಡ್ಡದು. ಆಸ್ಪತ್ರೆಯಿಂದ ಬಂದ ಮೊಲದ ಮೈಯಲ್ಲಿ ಔಷಧಿಯ, ಸ್ಪಿರಿಟ್‌ನ, ಬೇರೆ ಪ್ರಾಣಿಗಳ ವಾಸನೆ. ಮನೆಯಲ್ಲೇ ಉಳಿದಿದ್ದ ಜೊತೆಗಾರನಿಗೆ ಅದು ಹೊಸಬರಂತೆ ಕಾಣಬಹುದು. ನಿನ್ನೆಯವರೆಗೆ ಹಣೆ ನೆಕ್ಕುತ್ತಿದ್ದದ್ದು ಇವತ್ತು ಅಟ್ಟಿಸಿಕೊಂಡು ಹೋಗಿ ರೋಮ ಕೀಳಬಹುದು. ಇದಕ್ಕೆ ಪರಿಹಾರ ಸರಳ. ಆಸ್ಪತ್ರೆಗೆ ಹೋಗುವಾಗ ಎರಡನ್ನೂ ಒಂದೇ ಬುಟ್ಟಿಯಲ್ಲಿ ಕರೆದುಕೊಂಡು ಹೋಗಿ. ಎರಡಕ್ಕೂ ಒಂದೇ ವಾಸನೆ ಹತ್ತಲಿ. ಅರಿವಳಿಕೆ ಪೂರ್ತಿ ಇಳಿದು, ತಲೆ ಎತ್ತಿ ನೆಟ್ಟಗೆ ಕೂರುವಂತಾದ ಮೇಲೆ ಜೊತೆಗೆ ಬಿಡಿ.

ಹಾಗೆ ಮಾಡಿಯೂ ಜಗಳವಾದರೆ ಬಲವಂತ ಬೇಡ. ನಡುವೆ ತಂತಿಯ ಜಾಲರಿ ಇಟ್ಟು, ಮೂಗು ತಾಕುವಷ್ಟು ಹತ್ತಿರ ಇಡಿ. ಇದರ ಹಾಸುಬಟ್ಟೆ ಅದಕ್ಕೆ, ಅದರದ್ದು ಇದಕ್ಕೆ ಬದಲಾಯಿಸಿ. ಸಾಮಾನ್ಯವಾಗಿ ವಾಸನೆ ಹಳೆಯದಾದಂತೆ ಸಿಟ್ಟು ಇಳಿಯುತ್ತದೆ. ಕೀವು ತೆಗೆದು ಹೊಲಿಗೆ ಹಾಕಿದ್ದರೆ, ಅಥವಾ ಗಾಯವನ್ನು ತೆರೆದು ಬಿಟ್ಟಿದ್ದರೆ, ಆಗಲೂ ಜಾಲರಿಯೇ ಸರಿ. ಜೊತೆಗಾರ ಪ್ರೀತಿಯಿಂದ ನೆಕ್ಕಿದರೂ ಹೊಲಿಗೆಗೆ ಅದು ಒಳ್ಳೆಯದಲ್ಲ.

ಇಲ್ಲಿಯವರೆಗೆ ಜೊತೆಗಾರ ಏಕೆ ಬೇಕು ಎಂದು ಹೇಳಿದೆ. ಈಗ ಅದೇ ಜೊತೆಗಾರ ಕಾಯಿಲೆಯನ್ನು ಮರೆ ಮಾಡುವುದು ಹೇಗೆಂದು ಹೇಳುತ್ತೇನೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ನಮ್ಮ ಮನೆಯ ಜೋಡಿಯ ಹೆಸರು ಚುಕ್ಕಿ ಮತ್ತು ಬೋರ. ಚುಕ್ಕಿಯ ನಾಲಿಗೆಗೆ ದವಡೆ ಹಲ್ಲಿನ ಮುಳ್ಳು ಚುಚ್ಚುತ್ತಿತ್ತು. ಅದನ್ನು ಅರೆಸಿಕೊಂಡು ಬಂದ ಸಂಜೆ, ಅವಳ ಮುಂದೆ ಕೊತ್ತಂಬರಿ ಸೊಪ್ಪು ಇಟ್ಟೆವು. ಅವಳು ಮೂಸಿದಳು. ಒಂದು ದಂಟನ್ನು ಬಾಯಿಗೆ ತೆಗೆದುಕೊಂಡಳು. ಎರಡು ಸಲ ಅಗಿದಳು. ತಲೆಯನ್ನು ಒಂದು ಬದಿಗೆ ಓರೆ ಮಾಡಿದಳು. ದಂಟು ಒದ್ದೆಯಾಗಿ ನೆಲಕ್ಕೆ ಬಿತ್ತು. ಬೋರ ಅದನ್ನು ಎತ್ತಿಕೊಂಡು ತಿಂದ. ಅವಳು ಇನ್ನೊಂದು ದಂಟು ತೆಗೆದುಕೊಂಡಳು, ಅದೂ ಬಿತ್ತು, ಅದನ್ನೂ ಅವನೇ ತಿಂದ. ಸ್ವಲ್ಪ ಹೊತ್ತಿಗೆ ತಟ್ಟೆ ಖಾಲಿ. ಅಡುಗೆಮನೆಯಿಂದ ಬಂದು ನೋಡಿದವರು, ಎಲ್ಲ ತಿಂದಿದ್ದಾಳೆ ಎಂದೇ ಹೇಳುತ್ತಿದ್ದರು. ಅವಳ ಹೊಟ್ಟೆಗೆ ಹೋದದ್ದು ಎರಡು ಮೂರು ಎಲೆ.

ಜೋಡಿ ಇದ್ದ ಮನೆಯಲ್ಲಿ ಎಲ್ಲವೂ ಹೀಗೆಯೇ. ಬಟ್ಟಲು ಖಾಲಿಯಾಗುತ್ತದೆ, ಆದರೆ ತಿಂದವರು ಯಾರು? ಹಾಸಿನ ಮೇಲೆ ಹಿಕ್ಕೆ ಬಿದ್ದಿರುತ್ತದೆ, ಹಾಕಿದವರು ಯಾರು? ಬಾಯಿ ನೊಂದ ಮೊಲ ಜೊಲ್ಲು ಸುರಿಸುತ್ತದೆ, ಗದ್ದ ಒದ್ದೆಯಾಗುತ್ತದೆ. ನಮಗೆ ಅದು ಒಳ್ಳೆಯ ಸುಳಿವು. ಜೊತೆಗಾರ ನೆಕ್ಕಿ ಒಣಗಿಸಿಬಿಟ್ಟರೆ ಆ ಸುಳಿವೂ ಹೋಯಿತು. ಇನ್ನೊಂದು ಸೂಕ್ಷ್ಮವಿದೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಒಣ ಗುಂಡು, ಕಡಲೆಕಾಳಿನ ಗಾತ್ರದ್ದು. ಇನ್ನೊಂದು ಮೆತ್ತನೆಯ ಗೊಂಚಲು. ಈ ಮೆತ್ತನೆಯದನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ. ಅದರಲ್ಲಿ ಪೋಷಕಾಂಶಗಳಿವೆ. ಬಾಯಿ ನೋಯುವ ಮೊಲ ಅದನ್ನು ತಿನ್ನದೆ ಬಿಡಬಹುದು, ಹಿಂಭಾಗಕ್ಕೆ ಅಂಟಿಕೊಂಡು ಗಲೀಜಾಗಬಹುದು. ಹಾಗಾಗಿ ದಿನಕ್ಕೊಮ್ಮೆ ಹಿಂಭಾಗ ನೋಡಿ, ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿ. ಬೇಸಿಗೆಯಲ್ಲಿ ನೊಣ ಕೂತರೆ ಹುಳ ಬೀಳುತ್ತದೆ.

ತಿನ್ನುತ್ತಿದೆ, ತಿನ್ನುತ್ತಿದೆ ಎಂದು ಮನೆಯವರೆಲ್ಲ ವಾದಿಸುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಠ ಇಲ್ಲಿ ಜೀವಕ್ಕೆ ಕುತ್ತು. ತಕ್ಕಡಿಯನ್ನು ನಂಬಿ. ಅಡುಗೆಮನೆಯ ತೂಕದ ಯಂತ್ರ ಸಾಕು. ಬುಟ್ಟಿಯಲ್ಲಿ ಕೂರಿಸಿ ಪ್ರತಿದಿನ ಒಂದೇ ಹೊತ್ತಿಗೆ ತೂಗಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಇನ್ನು ಹಿಕ್ಕೆಯ ಲೆಕ್ಕ. ದಿನಕ್ಕೆರಡು ಸಲ, ಒಂದೆರಡು ಗಂಟೆ ಹೊತ್ತು, ಜಾಲರಿಯ ಎರಡು ಬದಿಗೆ ಎರಡನ್ನೂ ಕೂರಿಸಿ. ನೊಂದ ಮೊಲದ ಕೆಳಗೆ ಬಿಳಿ ಟವೆಲ್ ಹಾಸಿ. ಇಬ್ಬರಿಗೂ ಬೇರೆ ಬೇರೆ ಊಟ ಇಡಿ. ಜೊತೆಗಾರ ಕಣ್ಣೆದುರೇ ಇರುತ್ತಾನೆ, ವಾಸನೆ ಸಿಗುತ್ತಿರುತ್ತದೆ, ಆದರೆ ತಿಂದದ್ದು ಯಾರು, ಹಿಕ್ಕೆ ಹಾಕಿದ್ದು ಯಾರು ಎಂಬುದು ಖಚಿತವಾಗುತ್ತದೆ. ಟವೆಲ್ ಮೇಲಿನ ಗುಂಡುಗಳು ಚಿಕ್ಕದಾಗುತ್ತಾ, ಕಪ್ಪಾಗುತ್ತಾ ಬಂದರೆ ಊಟ ಸಾಲುತ್ತಿಲ್ಲ ಎಂದು ತಿಳಿಯಿರಿ.

ಜೊತೆಗಿರಲಿ, ಲೆಕ್ಕ ಬೇರೆ ಇರಲಿ. ಇದನ್ನು ಹೇಳಿದ್ದಾಯಿತು. ಈಗ ತಿನ್ನಿಸುವ ವಿಷಯ.

ಚಿಕಿತ್ಸೆಯಾದ ಸಂಜೆಯೇ ಮೊಲ ತಾನಾಗಿ ಏನಾದರೂ ತಿಂದರೆ ಬಹಳ ಒಳ್ಳೆಯದು. ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಡಿ. ಪುದೀನ, ಕೊತ್ತಂಬರಿ, ಎಳೆಯ ಗರಿಕೆ ಇರಲಿ. ಗುಳಿಗೆಯಾಕಾರದ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ. ಹುಲ್ಲು ಮಾತ್ರ ಸದಾ ಮುಂದಿರಲಿ. ಮೊದಲ ದಿನ ಮುಟ್ಟದಿದ್ದರೂ ತೆಗೆಯಬೇಡಿ. ಪಕ್ಕದಲ್ಲಿ ಜೊತೆಗಾರ ಕರಕರ ಅಗಿಯುವುದನ್ನು ಕೇಳಿ ಎಷ್ಟೋ ಮೊಲಗಳು ತಾವೂ ಬಾಯಿ ಹಾಕುತ್ತವೆ.

ಕೆಲವು ಗಂಟೆ ಕಳೆದರೂ ತಿನ್ನದಿದ್ದರೆ ಸಿರಿಂಜ್. ಸಸ್ಯಾಹಾರಿ ಪ್ರಾಣಿಗಳಿಗೆಂದೇ ಮಾಡಿದ ಪುಡಿ ಸಿಗುತ್ತದೆ. ಅದನ್ನು ನೀರಿನಲ್ಲಿ ಕಲಸಬೇಕು. ಸಿಗದಿದ್ದರೆ ಮೊಲದ ಗುಳಿಗೆ ಆಹಾರವನ್ನೇ ನೆನೆಸಿ, ಅರೆದು, ಸೋಸಿ, ತೆಳು ಗಂಜಿಯ ಹದಕ್ಕೆ ತನ್ನಿ. ಹಾಲು ಬೇಡ, ಅನ್ನ ಬೇಡ, ಬ್ರೆಡ್ ಬೇಡ. ಪ್ರಮಾಣವನ್ನು ವೈದ್ಯರು ಹೇಳುತ್ತಾರೆ. ಅಂದಾಜಿಗೆ ಹೇಳುವುದಾದರೆ, ಒಂದು ಕಿಲೋ ತೂಕದ ಮೊಲಕ್ಕೆ ಇಡೀ ದಿನಕ್ಕೆ ಸುಮಾರು 50 ಮಿಲಿಲೀಟರ್, ಅದನ್ನು ನಾಲ್ಕೈದು ಸಲ ಹಂಚಿ.

ಕೊಡುವ ಕ್ರಮ ಹೀಗೆ. ನೀವು ನೆಲದ ಮೇಲೆಯೇ ಕೂತುಕೊಳ್ಳಿ. ಎತ್ತರದಿಂದ ಬಿದ್ದರೆ, ಅಥವಾ ಹಿಂಗಾಲು ಜಾಡಿಸಿ ಒದ್ದರೆ ಮೊಲದ ಬೆನ್ನುಮೂಳೆ ಮುರಿಯಬಹುದು. ಟವೆಲ್ಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿರುವಂತೆ, ನಿಮ್ಮ ತೊಡೆಗೆ ಒರಗಿಸಿ ಕೂರಿಸಿಕೊಳ್ಳಿ. ಎಂದೂ ಅಂಗಾತ ಮಲಗಿಸಬೇಡಿ. ಬಾಚಿಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಬಾಯಿಯ ಬದಿಯಿಂದ ಸಿರಿಂಜಿನ ತುದಿಯನ್ನು ಅಲ್ಲಿಗೆ ತಂದು, ಅರ್ಧ ಮಿಲಿಲೀಟರಿನಷ್ಟು ಬಿಡಿ. ನಿಲ್ಲಿಸಿ. ಅಗಿದು ನುಂಗುವವರೆಗೆ ಕಾಯಿರಿ. ಮತ್ತೆ ಅರ್ಧ. ಅವಸರ ಮಾಡಿದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತದೆ. ಮುಗಿದ ಮೇಲೆ ಗದ್ದ ಒರೆಸಿ. ನಮ್ಮ ಬೋರ ಪ್ರತಿಸಲವೂ ಬಂದು ಚುಕ್ಕಿಯ ಗದ್ದಕ್ಕೆ ಅಂಟಿದ ಹಸಿರು ಗಂಜಿಯನ್ನು ನೆಕ್ಕುತ್ತಿದ್ದ. ಗಂಜಿಯಾದರೆ ಪರವಾಗಿಲ್ಲ. ಔಷಧಿ ಕೊಟ್ಟಾಗ ಮಾತ್ರ ನೆಕ್ಕಲು ಬಿಡಬಾರದು. ಆ ದ್ರವ ಸಿಹಿಯಾಗಿರುತ್ತದೆ, ಜೊತೆಗಾರನಿಗೂ ಇಷ್ಟವಾಗುತ್ತದೆ.

ಒಂದು ಎಚ್ಚರಿಕೆ. ಹೊಟ್ಟೆ ಉಬ್ಬಿ, ಮುಟ್ಟಿದರೆ ಬಿಗಿಯಾಗಿದ್ದರೆ ಸಿರಿಂಜಿನಲ್ಲಿ ಏನನ್ನೂ ತಿನ್ನಿಸಬೇಡಿ. ಕರುಳಿಗೆ ಏನಾದರೂ ಅಡ್ಡ ಸಿಕ್ಕಿರಬಹುದು. ನೇರವಾಗಿ ವೈದ್ಯರ ಬಳಿಗೆ ಹೋಗಿ.

ಮನೆಗೆ ತಂದ ಹೊತ್ತಿನಿಂದ ಸಿರಿಂಜಿನವರೆಗೆ ಬಂದೆವು. ಉಳಿದದ್ದು ಮುಂದಿನ ತಿಂಗಳುಗಳ ಮಾತು.

ಊಟದಲ್ಲಿ ಹೆಚ್ಚಿನ ಪಾಲು ಒಣಹುಲ್ಲೇ ಇರಬೇಕು. ವಿದೇಶದಿಂದ ಬರುವ ಟಿಮೋತಿ ಹುಲ್ಲು ಒಳ್ಳೆಯದೇ, ಬೆಲೆ ಹೆಚ್ಚು. ಚೆನ್ನಾಗಿ ಒಣಗಿಸಿದ ಗರಿಕೆ, ರೋಡ್ಸ್ ಹುಲ್ಲು ನಮ್ಮಲ್ಲೇ ಸಿಗುತ್ತವೆ. ಬೂಸ್ಟು ಹಿಡಿದಿರಬಾರದು, ಔಷಧಿ ಸಿಂಪಡಿಸಿದ ಜಾಗದ್ದಾಗಿರಬಾರದು. ಕುದುರೆ ಮೆಂತ್ಯವನ್ನು ಮೊಲ ಇಷ್ಟಪಟ್ಟು ತಿನ್ನುತ್ತದೆ, ಆದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಬೆಳೆದ ಮೊಲಕ್ಕೆ ದಿನವೂ ಬೇಡ. ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು. ಮಕ್ಕಳು ಆಸೆಪಟ್ಟರೆ ಒಂದು ತೆಳ್ಳನೆಯ ಬಿಲ್ಲೆ ಕೊಡಲಿ.

ಒಮ್ಮೆ ದವಡೆ ಹಲ್ಲು ಕೆಟ್ಟ ಮೊಲಕ್ಕೆ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯದಿರಬಹುದು. ಕೆಲವಕ್ಕೆ ತಿಂಗಳು ಎರಡು ತಿಂಗಳಿಗೊಮ್ಮೆ ಅರೆಸಬೇಕಾಗುತ್ತದೆ. ಬಾಚಿಹಲ್ಲು ಮಾತ್ರ ಹೊಂದಿಕೆಯಾಗದಿದ್ದರೆ ಅವನ್ನು ಪೂರ್ತಿ ಕಿತ್ತುಬಿಡುವ ದಾರಿಯೂ ಇದೆ. ಬಾಚಿಹಲ್ಲಿಲ್ಲದ ಮೊಲ, ಹೆಚ್ಚಿಕೊಟ್ಟ ಸೊಪ್ಪನ್ನು ತುಟಿಯಿಂದಲೇ ಎತ್ತಿ ತಿಂದು ಆರಾಮವಾಗಿ ಬದುಕುತ್ತದೆ. ನಮ್ಮ ಪಶುವೈದ್ಯಕೀಯ ಬೆಳೆದದ್ದು ದನ, ಎಮ್ಮೆ, ಕುರಿ, ಕೋಳಿಗಳ ಸುತ್ತ. ಮೊಲದ ಬಾಯಿ ನೋಡಿ ಪಳಗಿದ ವೈದ್ಯರು ಎಲ್ಲ ಊರಲ್ಲೂ ಸಿಗುವುದಿಲ್ಲ. ಕಾಯಿಲೆ ಬರುವ ಮೊದಲೇ ಅಂಥವರನ್ನು ಹುಡುಕಿಟ್ಟುಕೊಳ್ಳಿ. ಮೊಲಕ್ಕೆ ಅರಿವಳಿಕೆ ಕೊಟ್ಟು ದವಡೆ ಹಲ್ಲು ಅರೆದ ಅನುಭವವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಮರುತಪಾಸಣೆಗೆ ಹೋಗುವಾಗ ಬುಟ್ಟಿಯಲ್ಲಿ ಎರಡೂ ಮೊಲಗಳಿರಲಿ. ತೂಕ ಬರೆದ ಕ್ಯಾಲೆಂಡರಿನ ಹಾಳೆಯೂ ಜೊತೆಗಿರಲಿ. ಜೊತೆಗಾರನ ಬಾಯನ್ನೂ ತೋರಿಸಿ. ಎರಡೂ ತಿಂದದ್ದು ಒಂದೇ ಊಟವಲ್ಲವೇ? ಬುಟ್ಟಿಯೊಳಗೆ ಒಂದು ಹಿಡಿ ಹುಲ್ಲು ಹಾಕಿ. ಮೊಲಕ್ಕೆ ವಾಂತಿಯಾಗುವುದಿಲ್ಲ. ಹಾಗಾಗಿ ಅರಿವಳಿಕೆಗೆ ಮುಂಚೆ ನಮ್ಮ ಹಾಗೆ, ನಾಯಿಯ ಹಾಗೆ ರಾತ್ರಿಯಿಡೀ ಉಪವಾಸ ಅದಕ್ಕೆ ಬೇಕಿಲ್ಲ. ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ ಎಂದು ಯಾರಾದರೂ ಹೇಳಿದರೆ, ಇದು ಮೊಲ ಎಂದು ನೆನಪಿಸಿ, ಇನ್ನೊಮ್ಮೆ ಕೇಳಿಕೊಳ್ಳಿ.